ಪಡಸಾಲೆಯಲ್ಲಿ ಬಜೆಟ್ ಅಧಿವೇಶನ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಐನಾಪುರದ ಜನ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು! ಹುಚ್ಚು ಅವನೊಬ್ಬನಿಗೇ ಇದ್ದಿದ್ದರೆ ನಾವು ಹೇಗೋ ಸಂಭಾಳಿಸುತ್ತಿದ್ದೆವು. ಅವನು ಅದನ್ನು ಮನೆಮಂದಿಗೆಲ್ಲ ಹಂಚಿಬಿಟ್ಟಿದ್ದ. ಎಂಬತ್ತರ ದಶಕದಲ್ಲಿ ಇಡೀ ಕರ್ನಾಟಕಕ್ಕೆ ಒಂದೇ ವಿಧಾನಸಭೆ ಇತ್ತೆಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ಎರಡಿದ್ದವು. ಒಂದು ಬೆಂಗಳೂರಿನಲ್ಲಿ, ಇನ್ನೊಂದು ನಮ್ಮ ಮಾಮಾನ ಪಡಸಾಲೆಯಲ್ಲಿ.

ಒಂದು ದ್ರಾಕ್ಷಿ ತೋಟದ ಯಜಮಾನನಿಗೆ ಈ ಗೀಳು ಎಲ್ಲಿಂದ ಅಂಟಿತು? ಅವನ ಮನೆಯಲ್ಲೇ ಇದ್ದು ಅಥಣಿಯ ಕಾಲೇಜಿನಲ್ಲಿ ಓದುತ್ತಿದ್ದ ನನಗೆ ಇದೊಂದು ತೀರದ ಕುತೂಹಲ. ದ್ರಾಕ್ಷಿ ಬೆಳೆಗಾರರ ಜೊತೆ ಯಾವುದೋ ಮನವಿ ಕೊಡಲು ಬೆಂಗಳೂರಿಗೆ ಹೋದವನು ಒಂದು ದಿನ ಗ್ಯಾಲರಿಯಲ್ಲಿ ಕುಳಿತು ಸದನ ನೋಡಿ ಬಂದಿದ್ದ. ಅಷ್ಟೇ!

“ಅಲ್ಲಿ ಅಂಥಾದ್ದೇನ ನೋಡಿದಿ ಮಾಮಾ?” ಎಂದು ಕೇಳಿದೆ.

“ಏನ್ ಹೇಳಲಿ! ಮುಂಜಾನಿಂದ ಸಂಜೀತನಾ ಒಬ್ಬರಿಗೊಬ್ಬರು ಬೈದಾಡಿದ್ರು. ಒಬ್ಬಾಂವರೆ ಬಡಿಗಿ ಎತ್ತಬೇಕ? ಬೈದಾಡಿ, ಕೂಡೇ ಹೋಗಿ ಚಾ ಕುಡದ್ರು! ನಮ್ಮಲ್ಲಿ ಒಂದ ಬದುವಿನ ಸಲುವಾಗಿ ಕೊಡಲಿ ಹೊರಗ ಬರತಾವ.”

ಹೀಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ದೇವರನ್ನು ಕಂಡು ಬಂದವರೂ ಅಷ್ಟು ಬೆರಗಿನಿಂದ ಮಾತಾಡಲಿಕ್ಕಿಲ್ಲ.

ಅಂದಿನಿಂದ ಯುಗಾದಿ ಪಾಡ್ಯಕ್ಕೆ ಬೇವು-ಬೆಲ್ಲ ತಿಂದ ಕೂಡಲೇ ಮನೆಯ ಬಜೆಟ್ ಮಂಡನೆ. ಮುಖ್ಯಮಂತ್ರಿ ಅವನೇ, ಹಣಕಾಸು ಮಂತ್ರಿಯೂ ಅವನೇ. ಮಿರಜದಿಂದ ಬಂದ ಮಾಮಿ ಸಭಾಧ್ಯಕ್ಷೆ. ಅಡುಗೆಮನೆಯ ಹೊಸ್ತಿಲೇ ಅವಳ ಪೀಠ. ಮಾಮಾನ ಭಾಷಣ ಉದ್ದವಾದರೆ ಸಿಟ್ಟು ಬಂದು ಮರಾಠಿಗೆ ಹೊರಳುತ್ತಿದ್ದಳು. “ಪುರೇ ಆತಾ! ಭಾತ್ ಜಳತೋಯ್!” ಎಂದರೆ ಸಾಕು, ಅನ್ನ ಹೊತ್ತುವುದರೊಳಗೆ ಸದನ ಮುಂದೂಡಲ್ಪಡುತ್ತಿತ್ತು.

ವಿರೋಧ ಪಕ್ಷದ ನಾಯಕಿ ನಮ್ಮ ಆಯಿ, ಅಂದರೆ ಮಾಮಾನ ಹೆತ್ತತಾಯಿ. ಆ ಪಕ್ಷದಲ್ಲಿ ಅವಳೊಬ್ಬಳೇ ಇದ್ದಳು, ಆದರೆ ಗದ್ದಲಕ್ಕೇನೂ ಕೊರತೆಯಿರಲಿಲ್ಲ! ಮಾಮಾ ಏನೇ ತಂದರೂ ಆಕೆ ವಿರೋಧಿಸಬೇಕು. ಒಂದು ವರ್ಷ ಬಜೆಟ್ಟಿನಲ್ಲಿ ಅವಳಿಗೇ ಒಂದು ಇಳಕಲ್ ಸೀರೆ ಸೇರಿಸಿದ್ದ.

“ನನಗ್ಯಾತಕ ಬೇಕೋ ಸೀರಿ? ನಂದು ವಿರೋಧ ಐತಿ!” ಎಂದು ಗುಡುಗಿದಳು. ಮತ್ತೆ ದನಿ ತಗ್ಗಿಸಿ, “ತರೂದ ಆದ್ರ ಹಸರ ದಡೀದು ತಾ” ಎಂದಳು.

ಇಂಥ ಸದನಕ್ಕೆ ಒಂದು ಬೇಸಿಗೆ ನಿಜವಾದ ಪರೀಕ್ಷೆ ಬಂತು. ಹೊಳೆಸಾಲಿನ ಊರುಗಳಲ್ಲೆಲ್ಲ ವಾಂತಿಭೇದಿ ಹಬ್ಬಿತು. ನಮ್ಮ ಓಣಿಯಲ್ಲೇ ಜನ ಮಲಗಿದರು. ಬಾವಿಯ ನೀರು ಕುದಿಸಿ ಕುಡಿಯಿರಿ ಎಂದು ನರ್ಸ್‌ಬಾಯಿ ಮನೆಮನೆಗೆ ಹೇಳಿ ಹೋದಳು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಬಜೆಟ್ ಅಧಿವೇಶನ ನಡೆದಿತ್ತು. ಮಾಮಾ ರೇಡಿಯೊಗೆ ಕಿವಿ ಹಚ್ಚಿ ಕೂತ. ರೋಗಕ್ಕೆಂದು ಸರ್ಕಾರ ಎಷ್ಟು ತೆಗೆದಿಟ್ಟಿತು, ಯಾವ ಮಸೂದೆ ಮೊದಲು ಬಂತು, ಯಾರು ಅಡ್ಡ ಬಂದರು, ಎಲ್ಲ ಅವನಿಗೆ ಬೇಕು!

“ಸರ್ಕಾರ ಬಜೆಟ್ ತಿದ್ದಾಕತ್ತೈತಿ. ನಾವೇನ ಸುಮ್ಮ ಕೂಡೂದ?” ಎಂದವನೇ ಪಾಡ್ಯದ ಬಜೆಟ್ಟನ್ನು ಬದಿಗೆ ಸರಿಸಿ ತುರ್ತು ಅಧಿವೇಶನ ಕರೆದ. ಅದರಲ್ಲಿದ್ದ ಹೊಸ ಗಡಿಯಾರ ರದ್ದು, ಆ ದುಡ್ಡಿಗೆ ಕಟ್ಟಿಗೆ. ಎಲ್ಲಕ್ಕೂ ಮೊದಲು ಅಂಗೀಕಾರವಾಗಬೇಕಾದದ್ದು ಕುದಿಸಿದ ನೀರಿನ ಮಸೂದೆ.

ಒಂದು ಮಾತಿನಲ್ಲಿ ಮುಗಿಯುವ ಕೆಲಸವಲ್ಲವೇ? ನೀರು ಕುದಿಸಿ ಎಂದರೆ ಮುಗಿಯಿತು! ಆದರೆ ನಮ್ಮದು ಸದನ. ಚರ್ಚೆಯಾಗದೆ ಒಲೆ ಹೊತ್ತುವಂತಿಲ್ಲ. ಕುದಿಸುವವರು ಯಾರು, ಎಮ್ಮೆಗಳಿಗೂ ಕುದಿಸಬೇಕೋ ಬೇಡವೋ, ಬೀಗರು ಬಂದರೆ ಬಿಸಿನೀರು ಕೊಡುವುದು ಮರ್ಯಾದೆಯೇ? ಚರ್ಚೆ ಎಷ್ಟು ಕಾವೇರಿತೆಂದರೆ ಎಲ್ಲರಿಗೂ ಗಂಟಲು ಒಣಗಿ, ಒಬ್ಬೊಬ್ಬರಾಗಿ ಎದ್ದು ಹೋಗಿ ಮಣ್ಣಿನ ಹರವಿಯೊಳಗಿನ ಹಸಿ ನೀರನ್ನೇ ಕುಡಿದು ಬಂದೆವು! ಮುಖ್ಯಮಂತ್ರಿಯೂ ಒಂದು ತಂಬಿಗೆ ಏರಿಸಿದ.

ಕೊನೆಗೆ ಮಸೂದೆ ಪಾಸಾಯಿತು. ಆಯಿ ಸೆಟೆದು ನಿಂತಳು. “ಕುದಿಸಿದ ನೀರಿಗೆ ರುಚಿ ಎಲ್ಲೈತಿ? ಈ ಬಾವಿ ನೀರ ಕುಡದ ನಿನ್ನ ಹಡದೇನಿ. ನಾ ಹೊರಗ ನಡದೆ!” ಎಂದು ಸಭಾತ್ಯಾಗ ಮಾಡಿದಳು. ತ್ಯಾಗ ಮಾಡಿ ಸುಮ್ಮನೆ ಕುಳಿತಳೇ? ನೆಟ್ಟಗೆ ತೋಟದ ಬಾವಿಗೆ ಹೋಗಿ, ಕೊಡ ಸೇದಿ, ಹೊಟ್ಟೆ ತುಂಬ ನೀರು ಕುಡಿದು, ಕುಡಿದೆನೆಂದು ಎಲ್ಲರಿಗೂ ಸಾರುತ್ತ ಬಂದಳು.

ಎರಡು ದಿನಕ್ಕೆ ಆಯಿ ಹಾಸಿಗೆ ಹಿಡಿದಳು.

ಅಥಣಿಯಿಂದ ಡಾಕ್ಟರು ಬಂದು ಸಲೈನ್ ಹಚ್ಚಿದರು. “ವಯಸ್ಸಾಗೈತ್ರಿ. ನಾಳೆ ಮುಂಜಾನಿ ಮಟ ಏನೂ ಹೇಳಾಕ ಬರೂದಿಲ್ಲ. ಗುಟುಕು ಗುಟುಕು ಉಪ್ಪು-ಸಕ್ಕರಿ ನೀರ ಹಾಕ್ರಿ” ಎಂದರು. ಮಾಮಾ ಚಮಚ ಹಿಡಿದು ಕುಳಿತ. ಕುದಿಸಿ ಆರಿಸಿದ ನೀರು. ಆಯಿ ಮರುಮಾತಿಲ್ಲದೆ ಕುಡಿದಳು. ನಾನು ಸಮಾಧಾನದ ಉಸಿರು ಬಿಟ್ಟೆ. ಮಾಮಾನ ಮುಖ ಮಾತ್ರ ಬಿಳಿಚಿಕೊಂಡಿತು.

“ಕುಡದ್ಲಲ್ಲೋ! ಒಂದ ಮಾತ ಬೈಲಿಲ್ಲ!” ಎಂದು ನನ್ನ ಕೈ ಹಿಡಿದುಕೊಂಡ.

ಬೆಳಗಾಯಿತು. ಆಯಿ ಕಣ್ಣು ಮುಚ್ಚಿಯೇ ಇದ್ದಳು. ಮಾಮಾ ಅವಳ ಕಿವಿಯ ಹತ್ತಿರ ಬಾಗಿ ಒಂದು ಮಸೂದೆ ಮಂಡಿಸಿದ. “ಆಯಿ, ನಿನ್ನ ಎಮ್ಮಿ ಮಾರತೇನಿ.”

“ಹೂಂ” ಎಂದಳು.

“ಆಯಿ, ಅಂಗಳದಾಗಿನ ಬೇವಿನ ಗಿಡಾ ಕಡಸತೇನಿ.”

“ಹೂಂ.”

ಆ ಎಮ್ಮೆಯನ್ನು ಮುಟ್ಟಲು ಬಂದ ವ್ಯಾಪಾರಿಯನ್ನು ಕಸಬರಿಗೆ ಹಿಡಿದು ಓಡಿಸಿದವಳು ಇವಳೇನಾ? ಬಾಗಿಲಲ್ಲಿ ನಿಂತ ಮಾಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಮಾ ಮಾತ್ರ ಬಿಡಲಿಲ್ಲ.

“ಆಯಿ, ಮಿರಜದಿಂದ ನಿನ್ನ ಬೀಗತಿನ್ನ ಕರಸತೇನಿ. ಇನ್ನ ಮುಂದ ಅಡಗಿಮನಿ ಕಾರಭಾರ ಅಕೀದ.”

ಆಯಿಯ ಹುಬ್ಬು ಗಂಟಿಕ್ಕಿತು. ಒಂದು ಕಣ್ಣು ತೆರೆಯಿತು.

“ಯಾರ್ ಬರತಾಳ?” ಎಂದಳು. ದನಿ ಕ್ಷೀಣವಾಗಿತ್ತು, ಆದರೆ ಅವಳದೇ ದನಿ. “ನನ್ನ ಒಲಿ ಮುಂದ ಅಕಿ ಕೂಡತಾಳ? ನಾ ಸತ್ತೇನೇನಲೇ, ಹುಚಪ್ಯಾಲಿ? ಸಾರಿಗೆ ಬೆಲ್ಲಾ ಹಾಕೋಕಿ ಅಕಿ…”

ಬೈಗುಳ ಮುಂದುವರಿಯಿತು. ತನ್ನ ತಾಯಿಗೆ ಬೀಳುತ್ತಿದ್ದ ಬೈಗುಳ ಕೇಳಿ ಮಾಮಿ ಅಳುತ್ತಲೇ ನಗುತ್ತಿದ್ದಳು. ಮಾಮಾ ಆಯಿಯ ಎರಡೂ ಪಾದಗಳನ್ನು ಎದೆಗೆ ಒತ್ತಿಕೊಂಡು, ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅಳುತ್ತ, “ಇನ್ನೊಂದಿಷ್ಟ ಬೈಯ ಆಯಿ, ಇನ್ನೊಂದಿಷ್ಟ ಬೈಯ” ಎನ್ನುತ್ತಿದ್ದ.