ಮಖಮಲ್ ಸೀಟಿನ ವಾರಸುದಾರರು

ಹಳೇ ಕಾರಿನ ಸೀಟು ಹೊಲಿಯೋ ನನ್ನಂಥವನಿಗೆ ಇಂಥವು ಆಗ್ತಾನೇ ಇರ್ತವೆ. ಸೀಟು ಬಿಚ್ಚಿದರೆ ತೆಂಗಿನ ನಾರಿನ ಜೊತೆ ಯಾರದೋ ಕನಸೂ ಉದುರುತ್ತೆ. ನಗು ತಡಕೊಂಡು ಗುಡಿಸೋದು ನನ್ನ ಕೆಲಸ.

ಚಿತ್ರದುರ್ಗದ ನನ್ನ ಅಂಗಡಿಗೆ ಒಂದು ದಿನ ನಮ್ಮ ಬೀದಿಯ ಡಾಕ್ಟರಮ್ಮ ಬಂದರು. ಹಿರಿಯೂರಿನ ಹತ್ತಿರ ಹುಣಸೆ ತೋಪಿನ ಕೊಟ್ಟಿಗೆಯಲ್ಲಿದ್ದ ಇಪ್ಪತ್ತರ ದಶಕದ ವಿಲಾಯತಿ ಕಾರೊಂದಕ್ಕೆ ಮನಸೋತಿದ್ದರು. ಆ ಕಾಲದಲ್ಲಿ ಶ್ರೀಮಂತರ ಕಾರಿಗೆ ಕಂಪನಿಯವರು ಎಂಜಿನ್ನು, ಚಕ್ರ ಅಷ್ಟೇ ಕೊಡ್ತಿದ್ದರು. ಮೇಲಿನ ಮೈಯನ್ನು ಬೇರೆ ಕೆಲಸಗಾರರು ಮರದ ಚೌಕಟ್ಟು ಕಟ್ಟಿ, ತಗಡು ಬಡಿದು, ಮಾಲೀಕರ ಮನಸ್ಸಿನಂತೆ ಮಾಡಿಕೊಡ್ತಿದ್ದರು. ಒಂದರಂತೆ ಇನ್ನೊಂದಿರಲ್ಲ.

"ಸೀಟಿಗೆ ಮೊದಲು ಯಾವ ಬಣ್ಣದ ಮಖಮಲ್ಲಿತ್ತೋ ಅದನ್ನೇ ಹಾಕ್ಬೇಕು ಸಾಬ್ರೇ," ಅಂದರು.

"ಅದೀಗ ಇಲಿ ಬಣ್ಣಕ್ಕೆ ತಿರುಗೈತಲ್ಲಮ್ಮ."

"ಕುಂತೋರನ್ನೇ ಹುಡುಕಿ ಕೇಳಾಣ. ಯಾರ್ಯಾರು ಕುಂತಿದ್ರು ಅಂತ ತಿಳಿಯೋವರೆಗೂ ನಾನು ಅದ್ರಲ್ಲಿ ಕೂರಲ್ಲ."

ಹಿರಿಯೂರು

ತೋಪಿನ ಯಜಮಾನರು ಕಾರು ಕೊಡೋಕೆ ಒಪ್ಪಿ ಆಗಿತ್ತು. ತರೋಕೆ ಹೋದರೆ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು. "ಈಗ ಆಗಲ್ಲ, ತಡೀರಿ."

ಡಾಕ್ಟರಮ್ಮನ ಮುಖ ಸಣ್ಣದಾಯಿತು. "ಮಾತು ಕೊಟ್ಟಿದ್ರಲ್ಲ?"

"ನಾನು ಕೊಟ್ಟೀನಮ್ಮ. ಒಳಗಿರೋರು ಒಪ್ಪಬೇಕಲ್ಲ."

ಬಗ್ಗಿ ನೋಡಿದೆವು. ಹೆಂಚಿನ ಸಂದಿಯಿಂದ ಬಿಸಿಲ ಕೋಲೊಂದು ಹಿಂದಿನ ಸೀಟಿನ ಮೇಲೆ ಬಿದ್ದಿತ್ತು. ಅದರ ನಡುವೆ ಕೋಳಿಯೊಂದು ಮೊಟ್ಟೆಗೆ ಕಾವು ಕೊಡುತ್ತಾ, ಅರೆಗಣ್ಣು ಮುಚ್ಚಿ, ದಿವಾನರ ಹಾಗೆ ಕುಂತಿತ್ತು.

ಮರಿ ಆಗೋವರೆಗೂ ಕಾದೆವು. ಕಾರು ಹೊರಟಾಗ ಯಜಮಾನರು ನಿಟ್ಟುಸಿರು ಬಿಟ್ಟರು. "ಇಷ್ಟು ವರ್ಷದಾಗೆ ಇದನ್ನ ಸರಿಯಾಗಿ ಬಳಸಿದ್ದು ಅದೊಂದೇ ನೋಡ್ರಿ."

ಹೊಸದುರ್ಗ

ಯಜಮಾನರ ಅಪ್ಪ ಅದನ್ನು ಹೊಸದುರ್ಗದ ಕಡೆಯ ಒಂದು ನಾಟಕ ಕಂಪನಿಯಿಂದ ತಂದಿದ್ದರಂತೆ. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೆ ಅರ್ಜುನನ ಪಾತ್ರ ಮಾಡ್ತಿದ್ದ ಹಿರಿಯರು ಸಿಕ್ಕರು.

"ಅದು ನನ್ನ ರಥ!" ಅಂದವರ ಕಣ್ಣು ಮಂಜಾಯಿತು. "ನೀಲಿ ಮಖಮಲ್ಲು, ಆಕಾಶದಂಗೆ."

ಆಗಲೇ ಎಂಜಿನ್ ಇರಲಿಲ್ಲವಂತೆ. ಹಿಂದಿನಿಂದ ಆಳುಗಳು ತಳ್ಳಬೇಕು. ಒಂದು ಸಲ ಕುರುಕ್ಷೇತ್ರದಲ್ಲಿ ಇವರು ಆವೇಶದಿಂದ ಬಿಲ್ಲೆತ್ತಿದಾಗ ಮೊಣಕೈ ರಬ್ಬರ್ ಹಾರ್ನಿಗೆ ತಾಗಿತು. ಪೋಂ! ಎದುರಿಗೆ ಭೀಷ್ಮ. ಆ ಭೀಷ್ಮ ಹಗಲು ಹೊತ್ತು ಗಾಡಿ ಹೊಡೆಯೋ ಮನುಷ್ಯ. ಹಾರ್ನ್ ಕೇಳಿದ್ದೇ ತಡ, ರೂಢಿಯಂತೆ ಪಕ್ಕಕ್ಕೆ ಸರಿದು, "ಹೋಗ್ರಿ ಸ್ವಾಮಿ," ಅಂತ ಕೈ ತೋರಿಸಿದ. ತಳ್ಳೋರಿಗೆ ಏನು ಗೊತ್ತು? ರಥ ಕೌರವ ಸೇನೆ ದಾಟಿ ಆಚೆ ಪರದೆ ಸೇರಿಬಿಟ್ಟಿತು.

"ಮಹಾಭಾರತದಾಗೆ ಒಬ್ರೂ ಸಾಯದ ಯುದ್ಧ ಅದೊಂದೇ ಸಾಬ್ರೇ," ಅಂದರು ಅರ್ಜುನ.

ಹೊಳಲ್ಕೆರೆ

ನಾಟಕದವರಿಗೆ ಕಾರು ಮಾರಿದ್ದು ಹೊಳಲ್ಕೆರೆ ತಾಲ್ಲೂಕು ರಾಮಗಿರಿಯ ಒಬ್ಬ ರೈತರು. ಅವರ ಮಗಳು ಈಗ ಅಜ್ಜಿ. ಜಗಲಿ ಮೇಲೆ ಕುಂತಿದ್ದರು. ಮೋಡದ ನೆರಳು ಬೆಟ್ಟದಿಂದ ನಿಧಾನ ಇಳಿದು ಬರ್ತಿತ್ತು.

"ನಮ್ಮೂರ ಮದುಮಗಳು ಅಂದ್ರೆ ಅದ್ರಾಗೇ ಹೋಗ್ಬೇಕು. ನಾನೂ ಹೋದೆ," ಅಂತ ಕಣ್ಣು ಮುಚ್ಚಿದರು. "ಮಾವಿನ ಚಿಗುರಿನ ಕೆಂಪು ಮಖಮಲ್ಲು. ಮಲ್ಲಿಗೆ ವಾಸನೆ. ಒಂದೀಟೂ ಸದ್ದಿಲ್ಲ. ತೇಲಿದಂಗೆ ಹೋಗ್ತಿತ್ತವ್ವ."

"ಸದ್ದಿಲ್ಲದ ಎಂಜಿನ್ನು!" ಡಾಕ್ಟರಮ್ಮ ಬೆರಗಾದರು.

"ಎಂಜಿನ್ನು ಎಲ್ಲಿತ್ತು? ಬಾವಿ ನೀರೆತ್ತಾಕೆ ನಮ್ಮಪ್ಪ ಬಿಚ್ಕಂಡಿದ್ದ."

"ಮತ್ತೆ ಎಳೀತಿದ್ದದ್ದು?"

"ಎರಡು ಎತ್ತು ಇದ್ವಲ್ಲ. ಒಂದು ಬಿಳೇದು, ಒಂದು ಕಂದು. ಬಿಳೇದು ಹಾಯ್ತಿತ್ತು."

ಚಿತ್ರದುರ್ಗ

ಅಜ್ಜಿಯ ಅಪ್ಪ ಕಾರು ತಂದದ್ದು ನಮ್ಮೂರಿನ ಸಾಹುಕಾರರ ಮನೆಯಿಂದ. ಆ ಮನೆ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲೇ! ಕಾರು ಮಾಡಿಸಿದ ಸಾಹುಕಾರರ ಮೊಮ್ಮಗ, ತುಂಬು ವಯಸ್ಸಿನವರು, ಬಂದು ಕರುವಿನ ಬೆನ್ನು ಸವರಿದಂತೆ ಕಾರನ್ನು ಸವರಿದರು. "ಹಸಿರು," ಅಂದರು. "ಚಂದ್ರವಳ್ಳಿ ಕೆರೆ ನೀರಿನ ಹಸಿರು."

ಸೀಟಿನ ಅಂಚಿನ ಮರದ ಪಟ್ಟಿ ಎತ್ತಿ ನೋಡಿದೆ. ಬಿಸಿಲು ಕಾಣದ ಸಂದಿಯಲ್ಲಿ ಬೆರಳಗಲದ ಮಖಮಲ್ಲು ಉಳಿದಿತ್ತು. ಹಸಿರೇ! ನನ್ನ ಮೈ ಜುಮ್ಮೆಂದಿತು. ಅದೇ ಬಣ್ಣ ಹುಡುಕಿ ತಂದು ಹೊಲಿದೆ.

ಕೆಲಸ ಮುಗಿದ ದಿನ ಡಾಕ್ಟರಮ್ಮ ಮೊದಲ ಸಲ ಕಾರಿನೊಳಗೆ ಕುಂತು ಮೇಲೆ ನೋಡಿದರು. "ಛಾವಣಿ ಯಾಕಿಷ್ಟು ಎತ್ತರ?"

"ನಮ್ಮ ತಾತನ ಪೇಟ ದೊಡ್ಡದು," ಅಂದರು ಹಿರಿಯರು. "ತಲೆ ಮೇಲಿಂದ ತಗೀದಂಗೆ ಕೂರಬೇಕು ಅಂತ ಅಳತೆ ಕಳಿಸಿ ಮಾಡಿಸಿದ್ದು."

"ಎಷ್ಟು ಗತ್ತಿನಿಂದ ಕುಂತಿರ್ತಿದ್ರೋ!"

"ಎಲ್ಲಿ ಕುಂತ್ರು ತಾಯಿ? ಕಾರು ಹತ್ತಿದ್ರೆ ವಾಂತಿ. ಮೊದಲ ದಿನವೇ ಹಿರೇಗುಂಟನೂರು ಮುಟ್ಟೋದ್ರೊಳಗೆ ಇಳಿದು ಎತ್ತಿನ ಗಾಡಿ ಹತ್ತಿದ್ರಂತೆ. ಆಮೇಲೆ ಯಾವಾಗಲೂ ತಾವು ಗಾಡಿಯಾಗೆ ಮುಂದೆ, ಕಾರು ಹಿಂದೆ."

"ಹಂಗಾದ್ರೆ ಈ ಸೀಟಲ್ಲಿ ಯಾರು ಕುಂತ್ಕತಿದ್ರು?"

"ಪೇಟ," ಅಂದರು ಹಿರಿಯರು, ಹೊಸ ಮಖಮಲ್ಲನ್ನು ಮೆಲ್ಲಗೆ ಸವರುತ್ತಾ. "ದಾರಿಯಾಗೆ ಜನ ಅದಕ್ಕೇ ಕೈ ಮುಗೀತಿದ್ರಂತೆ. ಮುಂದೆ ಬೋಳುತಲೇಲಿ ಗಾಡಿ ಹೊಡ್ಕಂಡು ಹೋಗ್ತಿದ್ದ ತಾತನಿಗೆ ಏನಂತಿದ್ರು ಗೊತ್ತಾ? 'ಲೇ, ಬಿರಬಿರ ಹೊಡಿಯೋ, ಹಿಂದೆ ಸಾಹುಕಾರ್ರು ಬರ್ತಾವ್ರೆ!'"