ಮಂಡಕ್ಕಿ ಗಾಡಿಗೆ ಲಾರಿ ಪಟ್ಟಿ

ಹೆಣ್ಣು ನೋಡಲು ಹೋದವರು ಹುಡುಗಿಯನ್ನು ನೋಡುತ್ತಾರೆ. ಅವಳ ತಾಯಿಯನ್ನು ನೋಡಿ ಮುಂದಿನ ಗತಿಯನ್ನು ಅಂದಾಜು ಮಾಡುತ್ತಾರೆ. ಗೋಡೆ, ಹಿತ್ತಲು, ಬಚ್ಚಲ ಹಂಡೆ ಎಲ್ಲವನ್ನೂ ನೋಡುತ್ತಾರೆ. ಆದರೆ ಆ ಮನೆಗೆ ಮೊದಲೇ ಅಳಿಯನಾಗಿ ಬಂದು ಗೋಡೆಗೊರಗಿ ಕೂತಿರುವ ಮನುಷ್ಯನನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ನಾನೂ ನೋಡಲಿಲ್ಲ, ನನ್ನ ಗಮನವೆಲ್ಲ ಉಪ್ಪಿಟ್ಟಿನ ಮೇಲಿತ್ತು. ಷಡ್ಡಕ ಎಂಬ ಸಂಬಂಧ ಜೀವಮಾನವಿಡೀ ನಮ್ಮನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ, ಯಾರ ಎಲೆಗೆ ಹೋಳಿಗೆ ಮೊದಲು ಬಿತ್ತು ಎಂದು ಓರೆಗಣ್ಣಲ್ಲಿ ನೋಡಿಸುವ ಸಂಬಂಧ ಎಂಬುದು ತಾಳಿ ಕಟ್ಟಿದ ಮೇಲೆ ಗೊತ್ತಾಯಿತು. ಅಷ್ಟೊತ್ತಿಗೆ ತಡವಾಗಿತ್ತು.

ನನ್ನ ಷಡ್ಡಕ ರುದ್ರಪ್ಪನವರದು ಹರಿಹರದಲ್ಲಿ ಸಣ್ಣದೊಂದು ಎರಕದ ಕಾರ್ಖಾನೆ. ನನ್ನದು ದಾವಣಗೆರೆಯಲ್ಲಿ ಮಂಡಕ್ಕಿಯ ಸಗಟು ವ್ಯಾಪಾರ. ಅವರು ಕಬ್ಬಿಣ ಕರಗಿಸುತ್ತಾರೆ, ನಾನು ಗಾಳಿ ಮಾರುತ್ತೇನೆ ಎಂದು ಅವರೇ ಒಮ್ಮೆ ಬೀಗರ ಮುಂದೆ ಹೇಳಿ ನಗಿಸಿದ್ದರು. ಇಬ್ಬರಲ್ಲೂ ಒಂದೇ ತರದ ಪಿಕಪ್ ಗಾಡಿಗಳಿದ್ದವು. ಹಬ್ಬಕ್ಕೆ ಹರಿಹರದ ಮಾವನ ಮನೆಗೆ ಹೋದಾಗ ಎರಡೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಅವರ ಗಾಡಿಗೆ ಹಿಂದೆ ಭಾರ ತಡೆಯುವ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ, ದಪ್ಪ ಟೈರು, ಒಳ್ಳೆ ಪೈಲ್ವಾನನ ನಿಲುವು. ಆ ಯುಗಾದಿಗೆ ನನ್ನ ಹೆಂಡತಿ ಗಿರಿಜ ಹೊಸಿಲ ಮೇಲೆ ನಿಂತು ಎರಡನ್ನೂ ನೋಡಿದಳು. "ನೋಡ್ರಿ, ಭಾವನ ಗಾಡಿ ಹೆಂಗೆ ಎದೆ ಉಬ್ಬಿಸ್ಕೊಂಡು ನಿಂತೈತೆ. ನಮ್ದು ಬಯಲುಕಡೆಗೆ ಕುಂತಂಗೈತೆ" ಅಂದಳು. ಅವಳ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಷಡ್ಡಕರು ನನ್ನ ಬೆನ್ನು ತಟ್ಟಿ, "ಇರ್ಲಿ ಬಿಡಮ್ಮ, ಮಂಡಕ್ಕಿ ಹೊರಾಕೆ ಅಷ್ಟು ಸಾಕು" ಎಂದು ಸಮಾಧಾನ ಹೇಳಿದ್ದು ಮಾತ್ರ ಇವತ್ತಿಗೂ ಉರಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ದಾವಣಗೆರೆ ಆಗತಾನೇ ಜಿಲ್ಲೆಯಾಗಿತ್ತು. ಊರಿಗೇ ಬಡ್ತಿ ಸಿಕ್ಕಿರುವಾಗ ನನ್ನ ಗಾಡಿಗೇಕೆ ಬೇಡ ಎಂದುಕೊಂಡು ಪಿ.ಬಿ. ರಸ್ತೆಯ ಬಾಷಾ ಸಾಬರ ಶೆಡ್ಡಿಗೆ ಹೋದೆ. ಬಾಷಾ ಸಾಬರು ಪಟ್ಟಿ ಕೆಲಸದಲ್ಲಿ ಹೆಸರು ಮಾಡಿದವರು. ಅವರ ವೈದ್ಯಶಾಸ್ತ್ರದಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು. ಗಾಡಿ ಒಂದು ಕಡೆ ಎಳೆಯುತ್ತದೆಂದರೆ ಪಟ್ಟಿ ಹಾಕುತ್ತಿದ್ದರು, ಡೀಸೆಲ್ ಜಾಸ್ತಿ ಕುಡಿಯುತ್ತದೆಂದರೂ ಪಟ್ಟಿ ಹಾಕುತ್ತಿದ್ದರು. ಹಾರನ್ ಸರಿಯಿಲ್ಲವೆಂದು ಹೋದವನೊಬ್ಬ ಪಟ್ಟಿ ಹಾಕಿಸಿಕೊಂಡು ಬಂದದ್ದು ನನಗೇ ಗೊತ್ತು.

"ಲೋಡ್ ಏನ್ ಹಾಕ್ತೀರ್ರಿ ಸಾವ್ಕಾರ್ರೆ?" ಎಂದು ಅವರು ಕೇಳಿದರು. ಮಂಡಕ್ಕಿ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಗ್ರಾನೈಟ್ ಲಾರಿಯ ಡ್ರೈವರೊಬ್ಬ ಬೀಡಿ ಸೇದುತ್ತ ನಿಂತಿದ್ದ. ಅವನ ಮುಂದೆ ಮಂಡಕ್ಕಿ ಎನ್ನಲು ಮೀಸೆ ಅಡ್ಡ ಬಂತು. "ಬಾಳ ಇರ್ತೈತೆ. ಕ್ಯಾಬಿನ್ನಿಗಿಂತ ಎತ್ತರ" ಅಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. "ಸಿಮೆಂಟಾ?" "ಅದೇ ತರ, ಚೀಲದಾಗೆ." ಬಾಷಾ ಸಾಬರ ಕಣ್ಣು ಅರಳಿತು. ಲಾರಿಯೊಂದರಿಂದ ಕಳಚಿಟ್ಟಿದ್ದ ಪಟ್ಟಿಗಳನ್ನು ತಂದು ಒಂದರ ಮೇಲೊಂದು ಪೇರಿಸಿ ಬಿಗಿದರು. ಮಡ್‌ಗಾರ್ಡಿನಿಂದ ಹೊರಗೆ ಇಣುಕುವಷ್ಟು ಅಗಲದ ಚಕ್ರದ ಡಿಸ್ಕು, ದಪ್ಪ ಟೈರು ಹಾಕಿದರು. "ಆನೆ ಕೂಡ್ಸ್ರಿ, ಗಾಡಿ ಬಗ್ಗಿದ್ರೆ ನನ್ ಮೀಸೆ ಬೋಳಿಸ್ರಿ" ಎಂದರು. ಅವರಿಗೆ ಮೀಸೆಯೇ ಇರಲಿಲ್ಲ ಎಂಬುದನ್ನು ನಾನು ಆ ಸಂತೋಷದಲ್ಲಿ ಗಮನಿಸಲಿಲ್ಲ.

ನಿಟ್ಟುವಳ್ಳಿಯ ನಮ್ಮ ಮನೆಯ ಮುಂದೆ ಗಾಡಿಗೆ ಕುಂಕುಮ, ಹೂವು, ಚಕ್ರದಡಿಗೆ ನಿಂಬೆಹಣ್ಣು ಎಲ್ಲ ಆಯಿತು. ಗಾಡಿ ಎಷ್ಟು ಎತ್ತರವಾಗಿತ್ತೆಂದರೆ ಗಿರಿಜ ಹತ್ತುವುದಕ್ಕೆ ಅಡುಗೆಮನೆಯ ಸ್ಟೂಲು ತರಬೇಕಾಯಿತು. ಬೀದಿಯವರೆಲ್ಲ ನೋಡುತ್ತಿದ್ದರು. ನನಗೆ ಅದೇ ಬೇಕಿತ್ತು. ಹಿಂದೆ ಮಂಡಕ್ಕಿ ಚೀಲ, ಮುಂದೆ ಹೆಂಡತಿ, ಅವಳ ಮಡಿಲಲ್ಲಿ ಹರಿಹರೇಶ್ವರನಿಗೆ ಹಣ್ಣುಕಾಯಿಯ ಬುಟ್ಟಿ.

ಪಟ್ಟಿಯ ಸ್ವಭಾವ ನನಗೆ ಅರ್ಥವಾದದ್ದು ಮೊದಲನೆಯ ಹಂಪಿನಲ್ಲಿ. ಅದು ಬಗ್ಗಬೇಕಾದರೆ ಮೇಲೆ ತೂಕ ಬೇಕು. ಮಂಡಕ್ಕಿಗೆ ತೂಕವೆಂಬುದೇ ಇಲ್ಲ. ಗಾಡಿ ಹಾರಿತು. ಗಿರಿಜಳ ತಲೆ ಕ್ಯಾಬಿನ್ನಿನ ಸೂರಿಗೆ ಬಡಿಯಿತು. ಅವಳು ನನ್ನ ವಂಶವನ್ನು ಸ್ಮರಿಸಲು ಬಾಯಿ ತೆರೆಯುವಷ್ಟರಲ್ಲಿ ಒಂದು ಗುಂಡಿ ಬಂತು, ಮಾತು ತುಂಡಾಯಿತು. ಹರಿಹರ ಮುಟ್ಟುವವರೆಗೂ ಅವಳಿಗೆ ಒಂದು ಪೂರ್ತಿ ವಾಕ್ಯ ಬೈಯಲಾಗಲಿಲ್ಲ. ತೆಂಗಿನಕಾಯಿ ದೇವರ ದರ್ಶನಕ್ಕೆ ಮೊದಲೇ ಒಡೆದು ಅವಳ ರೇಷ್ಮೆ ಸೀರೆಗೆ ಅಭಿಷೇಕ ಮಾಡಿತ್ತು. ಹಿಂದೆ ಹಗ್ಗ ಸಡಿಲಿ ಒಂದು ಚೀಲ ಬಾಯಿಬಿಟ್ಟು, ಹೆದ್ದಾರಿಯುದ್ದಕ್ಕೂ ಮಂಡಕ್ಕಿ ಹಾರುತ್ತಿತ್ತು.

ಮಾವನ ಮನೆ ಮುಂದೆ ಇಳಿದ ಗಿರಿಜ ಸೊಂಟ ಹಿಡಿದುಕೊಂಡು, "ನಾನಿನ್ನು ಈ ಗಾಡಿ ಹತ್ತಾಕಿಲ್ಲ. ನಿಮಗೂ ಅದಕ್ಕೂ ಒಂದು ದೊಡ್ಡ ನಮಸ್ಕಾರ" ಅಂದಳು. ಸಂಜೆ ದಾವಣಗೆರೆಗೆ ವಾಪಸು ಬಂದದ್ದು ಯಾರ ಗಾಡಿಯಲ್ಲಿ? ರುದ್ರಪ್ಪನವರ ಗಾಡಿಯಲ್ಲಿ, ಕಬ್ಬಿಣದ ಲೋಡಿನ ಮುಂದೆ, ಆರಾಮಾಗಿ ಎಲೆ ಅಡಿಕೆ ಹಾಕಿಕೊಂಡು. ಹಿಂದಿನಿಂದ ನಾನು ಜಿಗಿಯುತ್ತ ಬರುತ್ತಿದ್ದೆ. ಆ ಸಂಜೆಯಷ್ಟು ಅವಮಾನ ನನಗೆ ಜೀವನದಲ್ಲಿ ಆಗಿಲ್ಲ. ಹೆಂಡತಿ ಮತ್ತೆ ನನ್ನ ಪಕ್ಕ ಕೂರುವವರೆಗೂ ನನಗೆ ನಿದ್ದೆಯಿಲ್ಲ ಎಂದು ತೀರ್ಮಾನಿಸಿದೆ.

ಬಾಷಾ ಸಾಬರಲ್ಲಿ ಹೋಗಿ ನಿಜ ಒಪ್ಪಿಕೊಂಡೆ. "ಮಂಡಕ್ಕಿನಾ? ಯಾ ಅಲ್ಲಾ!" ಎಂದು ಅವರು ಹಣೆಗೆ ಕೈ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ಇನ್ನೊಂದು ಪಟ್ಟಿ ಹಾಕಿ ನೋಡಾನಾ?" ಎಂದರು. ಬೇಡವೆಂದೆ. ತೆಗೆಯಬಹುದಲ್ಲ ಎಂದರೆ, "ತೆಗೀಬೌದು. ಗಾಡಿ ಮತ್ತೆ ಕುಂತ್ಕೊಂತೈತೆ" ಎಂದರು. ಮತ್ತೆ ಬಯಲುಕಡೆಗೆ! ಸಾಧ್ಯವೇ ಇಲ್ಲ. "ಹಂಗಾದ್ರೆ ತೂಕ ಹಾಕ್ರಿ" ಎಂದರು.

ತಳಕ್ಕೆ ಮರಳಿನ ಚೀಲ ಹಾಕಿ, ಮೇಲೆ ಮಂಡಕ್ಕಿ ಪೇರಿಸಿದೆ. ಗಾಡಿ ಸ್ವಲ್ಪ ಮನುಷ್ಯರಂತೆ ನಡೆಯಿತು. ಆದರೆ ಮಂಡಕ್ಕಿ ಹುರಿಯುವುದೇ ಕಾದ ಮರಳಿನಲ್ಲಿ. ಹಲ್ಲಿಗೆ ಮರಳು ಸಿಕ್ಕಿತೆಂಬ ದೂರು ಈ ವ್ಯಾಪಾರದಲ್ಲಿ ದಿನನಿತ್ಯದ್ದು. ಹೀಗಿರುವಾಗ ಮಂಡಕ್ಕಿ ವ್ಯಾಪಾರಿಯ ಗಾಡಿಯಲ್ಲಿ ಚೀಲಗಟ್ಟಲೆ ಮರಳು ಕಂಡರೆ ಅಂಗಡಿಯವರು ಏನು ತಿಳಿಯಬೇಕು? "ಅಲ್ರಿ, ತಾನಾಗೆ ಬೀಳೋದು ಸಾಲ್ದು ಅಂತ ನೀವು ಬ್ಯಾರೆ ಹಾಕ್ತೀರೇನ್ರಿ?" ಎಂದು ಹರಿಹರದ ನನ್ನ ಹಳೇ ಗಿರಾಕಿ ಕೇಳಿಯೇಬಿಟ್ಟ. ಹೆಂಡತಿಯ ಸೊಂಟಕ್ಕಾಗಿ ಎಂದೆ. ಅವನು ನನ್ನನ್ನು ನೋಡಿದ ರೀತಿ ನೋಡಿ ಅಲ್ಲಿಯೇ ಹೊಳೆದಂಡೆಗೆ ಹೋಗಿ ಮರಳು ಸುರಿದು ಬಂದೆ.

ಆಗ ಷಡ್ಡಕರು ದೇವರ ಹಾಗೆ ಬಂದರು. "ನೋಡು ತಮ್ಮಾ, ನನಗೆ ದಾವಣಗೆರೆಯಿಂದ ಗುಜರಿ ಕಬ್ಬಿಣ ಬರಬೇಕು, ಇಲ್ಲಿಂದ ಎರಕದ ಮಾಲು ಹೋಗಬೇಕು. ನಿನಗೆ ತೂಕ ಬೇಕು. ನಾವು ನಾವೇ ಅಲ್ಲೇನು?" ಅಂದರು. ಅಂದಿನಿಂದ ಹೋಗುವಾಗ ಗುಜರಿಯ ಮೇಲೆ ಮಂಡಕ್ಕಿ, ಬರುವಾಗ ಬರೀ ಎರಕ. ಗಾಡಿ ನೀರ ಮೇಲೆ ಹೋದ ಹಾಗೆ ಹೋಗತೊಡಗಿತು. ಗಿರಿಜ ಸ್ಟೂಲು ಹಾಕಿಕೊಂಡು ಹತ್ತಿ ನನ್ನ ಪಕ್ಕ ಕೂತಳು. "ಈಗ ತೊಟ್ಟಿಲು ತೂಗಿದಂಗೈತೆ ನೋಡ್ರಿ" ಅಂದಳು. ಬಾಡಿಗೆಯ ಮಾತನ್ನು ಷಡ್ಡಕರು ಎತ್ತಲಿಲ್ಲ. ಗೆದ್ದ ಖುಷಿಯಲ್ಲಿ ನನಗೂ ಅದು ನೆನಪಾಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ರುದ್ರಪ್ಪನವರು ತಮ್ಮ ಪಿಕಪ್ಪನ್ನು ಮಾರಿಬಿಟ್ಟರು. ಅವರಿಗೆ ಇನ್ನು ಅದರ ಅಗತ್ಯವಿರಲಿಲ್ಲ. ಅದರ ಬದಲು ಒಂದು ಬಿಳೀ ಕಾರು ತಂದು ಮಾವನ ಮನೆ ಮುಂದೆ ನಿಲ್ಲಿಸಿ, ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟಿದ್ದರು. ನಾನು ಆಗಷ್ಟೇ ಗುಜರಿ ತುಂಬಿಕೊಂಡು ಬಂದೆ. ಅವರು ಕಾರಿಂದ ಇಳಿದರು. ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರಿಗೆ ಚಪ್ಪಲಿಯಿಂದ ಮೆಲ್ಲಗೆ ಒದ್ದು ನೋಡಿದರು. ಅತ್ತೆ, ಮಾವ, ಹೆಂಡತಿ, ಅವಳ ಅಕ್ಕ ಎಲ್ಲರೂ ಕೇಳುವ ಹಾಗೆ, "ಗಾಡಿ ಅಂದ್ರೆ ಇದು ನೋಡ್ರಪ್ಪ!" ಅಂದರು.

ಎಷ್ಟೋ ವರ್ಷದಿಂದ ನಾನು ಕಾದಿದ್ದ ಮಾತದು. ಅಂಗಿಯ ತೋಳು ಮಡಚಿಕೊಂಡು, ಅವರು ಹೇಳುವ ಮೊದಲೇ ಅವರ ಕಬ್ಬಿಣ ಇಳಿಸಲು ನಿಂತೆ.