ನೇತಾಡುತ್ತಿದ್ದ ತುದಿ

ಬೆಳಗ್ಗೆ ಅವನು ಬೂಟು ಹಾಕಿಕೊಳ್ಳುವಾಗಲೇ ಮಗಳು ತಾಕೀತು ಮಾಡಿದ್ದಳು. ಆ ದಿನ ಸಂಜೆಯ ಶಾಲಾ ನಾಟಕದಲ್ಲಿ ಅವಳದು ಮರದ ಪಾತ್ರ.

"ಅಪ್ಪಾ, ಲೇಟಾಗಿ ಬಂದ್ರೆ ಏನೂ ಪ್ರಯೋಜನ ಇಲ್ಲ. ಎರಡನೇ ಸೀನಲ್ಲೇ ನನ್ನ ಕಡಿದು ಹಾಕ್ತಾರೆ."

"ನಾಲ್ಕಕ್ಕೆ ಆಫೀಸು ಬಿಟ್ಟೇ ಬಿಡ್ತೀನಿ ಮರಿ."

"ಹೋದ ವರ್ಷ ಅವಳು ಮೋಡ ಆಗಿದ್ದಾಗಲೂ ಹೀಗೇ ಅಂದಿದ್ರಿ," ಎಂದು ಹೆಂಡತಿ ಒಳಗಿನಿಂದ ಒಗ್ಗರಣೆ ಹಾಕಿದಳು. "ನೀವು ಬರೋ ಹೊತ್ತಿಗೆ ಮಳೆ ಸುರಿದು, ಮೋಡ ಮನೆಗೆ ಬಂದು ಮಲಗಿತ್ತು."

ಬಾಗಿಲು ಕಿಟಕಿ ತಯಾರಿಸುವ ಕಂಪನಿಯೊಂದರಲ್ಲಿ ಅವನು ಕೊಟೇಶನ್ ಗುಮಾಸ್ತ. ಆಫೀಸಿನವರು ಅವನಿಗಿಟ್ಟ ಹೆಸರು ನೀಟಪ್ಪ. ಅವನ ಮೇಜಿನ ಮೇಲೆ ಪೆನ್ನುಗಳು ಉದ್ದದ ಪ್ರಕಾರ ಸಾಲಾಗಿ ಮಲಗಿರುತ್ತವೆ. ಪಕ್ಕದವರ ಪೆನ್ನು ಸೊಟ್ಟಗಿದ್ದರೂ ಅವನಿಗೆ ಊಟ ಸೇರುವುದಿಲ್ಲ. ಈ ವಿಷಯದಲ್ಲಿ ಮ್ಯಾನೇಜರು ಅವನಿಗಿಂತ ಒಂದು ಕೈ ಮೇಲು. ಆಫೀಸಿನಲ್ಲಿ ಯಾವ ವಸ್ತುವೂ ನೇತಾಡಬಾರದು ಎಂಬುದು ಅವರ ಕಟ್ಟಪ್ಪಣೆ. ತಿಂಗಳ ಹಿಂದೆ ಅವರು ಇಡೀ ಆಫೀಸನ್ನು ಒಪ್ಪ ಮಾಡಿಸಿದಾಗ, ಎಲ್ಲರೆದುರು ನೀಟಪ್ಪನ ಬೆನ್ನು ತಟ್ಟಿದ್ದರು.

ಹೆಚ್ಚುಕಡಿಮೆ ಆಗಿನಿಂದಲೇ ಆಫೀಸಿನ ಕಂಪ್ಯೂಟರುಗಳಿಗೆ ಏನೋ ಬಡಿದಿತ್ತು. ಎಲ್ಲರ ಫೈಲುಗಳೂ ಇರುವುದು ಮ್ಯಾನೇಜರ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ. ಅಲ್ಲಿಂದ ಒಂದು ಫೈಲು ತೆರೆಯಹೊರಟರೆ ಪರದೆಯ ಮೇಲೆ ಪುಟ್ಟ ಚಕ್ರವೊಂದು ಸುತ್ತಲು ಶುರುಮಾಡುತ್ತಿತ್ತು, ನಿಲ್ಲುವ ಮಾತೇ ಇಲ್ಲ. ಲೆಕ್ಕಪತ್ರ ನೋಡುವ ಮೇಡಂ ಫೈಲಿನ ಮೇಲೆ ಒಂದು ಕ್ಲಿಕ್ ಒತ್ತಿ ಉಲ್ಲನ್ ಕೈಗೆತ್ತಿಕೊಳ್ಳುತ್ತಿದ್ದರು. ಹೀಗೆ ಕಾಯುತ್ತಲೇ ಅವರ ಒಂದು ಸ್ವೆಟರ್ ಮುಗಿದು, ಈಗ ಟೋಪಿ ನಡೆಯುತ್ತಿತ್ತು.

ಆದರೆ ಇವತ್ತು ಕಾಯುವಂತಿರಲಿಲ್ಲ. ಹೊಸ ಆಸ್ಪತ್ರೆಯೊಂದರ ಕಿಟಕಿಗಳ ಕೊಟೇಶನ್ ಸಂಜೆಯೊಳಗೆ ಹೋಗಲೇಬೇಕು. ನೀಟಪ್ಪ ಬಂದವನೇ ಫೈಲು ಒತ್ತಿದ. ಚಕ್ರ ಸುತ್ತಿತು. ಅವನು ನೀರು ಕುಡಿದು ಬಂದ, ಪೆನ್ನುಗಳನ್ನು ಇನ್ನೊಮ್ಮೆ ಜೋಡಿಸಿದ. ಚಕ್ರ ಸುತ್ತುತ್ತಲೇ ಇತ್ತು. ಅದರೊಳಗೆ ಅವನಿಗೆ ಕಂಡದ್ದು ಕೊಡಲಿ ಎತ್ತಿ ನಿಂತ ಮರ ಕಡಿಯುವವ. ನೆಟ್ಟಗೆ ಮ್ಯಾನೇಜರ ಕೋಣೆಗೆ ನುಗ್ಗಿದ.

"ಸಾರ್, ಸಂಜೆ ಮಗಳ ಶಾಲೇಲಿ ನಾಟಕ, ನಾಲ್ಕಕ್ಕೆ ಹೊರಡಬೇಕು. ಈ ಫೈಲುಗಳ ಕಾಯಿಲೇನ ಇವತ್ತು ನಾನೇ ವಾಸಿ ಮಾಡ್ತೀನಿ."

"ನಿಮಗೆ ಬರುತ್ತೇನ್ರೀ?"

"ಮನೇಲಿ ಮಿಕ್ಸಿ ಬಿಚ್ಚಿ ಸರಿಮಾಡಿದ್ದೇ ನಾನು ಸಾರ್." ಆ ಮಿಕ್ಸಿ ಈಗ ಅಟ್ಟ ಸೇರಿದೆ ಎಂಬುದನ್ನು ಅವನು ಹೇಳಲಿಲ್ಲ.

"ಸರಿ. ಅದು ಸರಿಹೋಗಿ, ಕೊಟೇಶನ್ನೂ ಕಳಿಸಿದ್ರೆ ನಾಲ್ಕಕ್ಕೆ ಹೊರಡಿ. ನಾನೇ ಕಾರಲ್ಲಿ ಶಾಲೆ ಹತ್ರ ಬಿಡ್ತೀನಿ."

ನೀಟಪ್ಪ ಅಂಗಿಯ ತೋಳು ಮಡಚಿದ, ಎರಡೂ ತೋಳು ಸಮನಾಗಿ. ಮೊದಲ ಕೆಲಸವಾಗಿ ದೊಡ್ಡ ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿದ. ಹೊರಗಿನಿಂದ ಚೀತ್ಕಾರವೊಂದು ಕೇಳಿಸಿತು. ನಕ್ಷೆ ಬರೆಯುವವನು ತಲೆಯ ಮೇಲೆ ಕೈಹೊತ್ತು ನಿಂತಿದ್ದ.

"ಬೆಳಗ್ಗೆಯಿಂದ ಎಂಟು ಕಿಟಕಿ ಬರೆದಿದ್ನಲ್ರೀ! ಒಂದನ್ನೂ ಸೇವ್ ಮಾಡಿರ್ಲಿಲ್ಲ!"

"ಒಳ್ಳೇದೇ ಆಯ್ತು ಬಿಡಿ, ಎರಡನೇ ಸಲ ಇನ್ನೂ ಚೆನ್ನಾಗಿ ಬರುತ್ತೆ," ಎಂದು ನೀಟಪ್ಪ ಧೈರ್ಯ ತುಂಬಿದ. ನಕ್ಷೆಯವನಿಗೆ ಅದು ಹಿಡಿಸಲಿಲ್ಲ.

ಆಮೇಲೆ ನೀಟಪ್ಪನಿಗೆ ಹೊಳೆದದ್ದು, ಹಳೆಯ ಫೈಲುಗಳ ಹೊರೆಯೇ ಇದಕ್ಕೆಲ್ಲ ಕಾರಣ ಎಂದು. ಮೇಡಂ ಅವರ ಫೋಲ್ಡರಿನಲ್ಲಿ 'ಅಂತಿಮ', 'ನಿಜವಾದ ಅಂತಿಮ', 'ಇದೇ ಅಂತಿಮ', 'ಹಳೇದು' ಎಂದೆಲ್ಲ ಇತ್ತು. 'ಇದೇ ಅಂತಿಮ' ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿ ಕೈ ಒರೆಸಿಕೊಂಡ.

"ಯಾರ್ರೀ ನನ್ನ 'ಹಳೇದು' ಅಳಿಸಿದ್ದು?" ಮೇಡಂ ಹೆಣಿಗೆ ಕಡ್ಡಿಯನ್ನು ಕತ್ತಿಯಂತೆ ಹಿಡಿದು ಬಂದರು. "ನಾನು ಬರೆಯೋದೆಲ್ಲ ಅದರಲ್ಲೇ ಕಣ್ರೀ! ಬೇರೆಯವರು ಮುಟ್ಟದೆ ಇರ್ಲಿ ಅಂತ ಆ ಹೆಸರಿಟ್ಟಿದ್ದೆ!"

ಪುಣ್ಯಕ್ಕೆ ಅವರ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ತಿರುಗಿ ತುಂಬಿಸುವಷ್ಟರಲ್ಲಿ ನೀಟಪ್ಪನ ಊಟದ ಡಬ್ಬಿ ತಣ್ಣಗಾಗಿತ್ತು. ಗೋಡೆ ಗಡಿಯಾರ ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು. ಬೇರೆ ದಾರಿ ಕಾಣದೆ ಮೆಟ್ಟಿಲ ಬಳಿ ಹೋಗಿ, ಕಂಪ್ಯೂಟರ್ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮನಿಗೆ ಫೋನು ಹಚ್ಚಿದ.

"ಭಾವ, ವೈರುಗಳೆಲ್ಲ ಬಂದು ಸೇರೋ ಒಂದು ಪೆಟ್ಟಿಗೆ ಇರುತ್ತೆ ನೋಡಿ, ಹಸಿರು ದೀಪ ಮಿಟುಕಿಸ್ತಾ ಇರುತ್ತಲ್ಲ, ಅದು. ಯಾವುದಾದ್ರೂ ವೈರಿನ ಎರಡೂ ತುದಿ ಅದೇ ಪೆಟ್ಟಿಗೆಗೆ ಸಿಗಿಸಿದ್ದಾರಾ ನೋಡಿ."

"ಸಿಗಿಸಿದ್ರೆ ಏನಾಗುತ್ತೆ?"

"ಹೋದ ಸಂದೇಶವೇ ತಿರುಗಿ ಬರುತ್ತೆ, ಮತ್ತೆ ಹೋಗುತ್ತೆ, ಮತ್ತೆ ಬರುತ್ತೆ. ದಾರಿ ತುಂಬ ಅದೇ ಗದ್ದಲ. ನಿಮ್ಮ ಫೈಲಿಗೆ ಜಾಗ ಎಲ್ಲಿ? ಬುದ್ಧಿ ಇರೋರು ಯಾರೂ ಹಾಗೆ ಮಾಡಲ್ಲ ಭಾವ. ಯಾವನೋ ಪೆದ್ದ ಮಾಡಿರಬೇಕು."

ನೀಟಪ್ಪ ಕಪಾಟಿನ ಪಕ್ಕದ ಮೇಜಿನಡಿ ತೂರಿದ. ಪೆಟ್ಟಿಗೆ ಅಲ್ಲೇ ಇತ್ತು. ಅದರಿಂದ ಹೊರಟ ನೀಲಿ ವೈರೊಂದು ಚೆಂದವಾಗಿ ಬಳಸಿ ಬಂದು ಅದೇ ಪೆಟ್ಟಿಗೆಯ ಇನ್ನೊಂದು ತೂತಿಗೆ ಸೇರಿತ್ತು. ತಿಂಗಳ ಹಿಂದೆ ಆ ಮೇಜಿನ ಹಳೆಯ ಕಂಪ್ಯೂಟರನ್ನು ಸಾಗಿಸಿದಾಗ ಈ ವೈರಿನ ತುದಿ ಒಂಟಿಯಾಗಿ ನೇತಾಡುತ್ತಿತ್ತು. ನೋಡಲಾರದೆ, ಖಾಲಿ ತೂತಿಗೆ ಅದನ್ನು ಒಪ್ಪವಾಗಿ ಸಿಗಿಸಿದ ಪೆದ್ದ ಬೇರೆ ಯಾರೂ ಅಲ್ಲ, ಅವನೇ. ಬೆನ್ನು ತಟ್ಟಿಸಿಕೊಂಡದ್ದೂ ಅದಕ್ಕೇ.

ಮೆಲ್ಲಗೆ ಆ ತುದಿಯನ್ನು ಕಿತ್ತ. ಜೀವಮಾನದಲ್ಲಿ ಮೊದಲ ಸಲ ಒಂದು ತುದಿಯನ್ನು ನೇತಾಡಲು ಬಿಟ್ಟು, ಮೊಣಕಾಲಿನ ಧೂಳು ಕೊಡವಿ ಎದ್ದ.

"ಅಯ್ಯೋ, ತೆರೀತು!" ಎಂದು ಮೇಡಂ ಕೂಗಿದರು. ಈ ಸಲ ಟೋಪಿಗೆ ಒಂದು ಹೆಣಿಗೆ ಹಾಕಲೂ ಪುರಸೊತ್ತು ಸಿಕ್ಕಿರಲಿಲ್ಲ. ನಕ್ಷೆಯವನು ಎಂಟು ಕಿಟಕಿಗಳ ದುಃಖ ಮರೆತು ಓಡಿಬಂದು ಕೈಕುಲುಕಿದ. ಮ್ಯಾನೇಜರು ಕೋಣೆಯಿಂದಲೇ ಶಭಾಸ್ ಎನ್ನುತ್ತ ಬಂದರು.

"ಏನಾಗಿತ್ರೀ?"

ಸತ್ಯ ಹೇಳಲು ಅದೇ ಹೊತ್ತು. ಮೂರು ಮುಖಗಳು ಅವನನ್ನೇ ನೋಡುತ್ತಿದ್ದವು, ಅದೂ ಮೆಚ್ಚುಗೆಯಿಂದ. ಹೇಳುವ ಮನಸ್ಸಾಗಲಿಲ್ಲ.

"ಒಳಗೆ ಸಂದೇಶಗಳ ದಾರಿಯೆಲ್ಲ ಗೋಜಲಾಗಿತ್ತು ಸಾರ್. ಬಹಳ ಸೂಕ್ಷ್ಮದ ಕೆಲಸ. ಹಂತ ಹಂತವಾಗಿ ಬಿಡಿಸಬೇಕು. ಒಂದು ಹಂತ ತಪ್ಪಿದ್ರೂ ಕಥೆ ಮುಗೀತು."

ಎಲ್ಲರೂ ತಲೆದೂಗಿದರು. ನೀಟಪ್ಪ ಸಿಂಹಾಸನ ಏರುವವನಂತೆ ಕುರ್ಚಿಗೆ ಕೂತ. ಆಸ್ಪತ್ರೆಯ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಗಾಜಿನ ದರ, ಚೌಕಟ್ಟಿನ ದರ, ಸಾಗಣೆ, ಎಲ್ಲ ಚಕಚಕನೆ ತುಂಬಿದ. ಹೆಂಡತಿಗೆ ಫೋನು ಮಾಡಿ, "ಮುಂದಿನ ಸಾಲಲ್ಲಿ ಸೀಟು ಹಿಡಿ, ಹೊರಟೆ," ಎಂದ. ಇನ್ನು ಉಳಿದದ್ದು ಫೈಲನ್ನು ಉಳಿಸಿ ಕಳಿಸುವುದೊಂದೇ. ಒತ್ತಿದ.

ಚಕ್ರ ಸುತ್ತಲು ಶುರುವಾಯಿತು.

ತಲೆ ಎತ್ತಿದರೆ, ಮ್ಯಾನೇಜರು ಆ ಮೇಜಿನಡಿಯಿಂದ ಈಚೆ ಬರುತ್ತಿದ್ದರು. ಮುಖದಲ್ಲಿ ಸಂತೃಪ್ತಿ.

"ನಿಮ್ಮ ಕೈಚಳಕ ನೋಡೋಣ ಅಂತ ಬಗ್ಗಿದೆ ಕಣ್ರೀ. ಒಂದು ವೈರು ನೇತಾಡ್ತಾ ಇತ್ತು! ನಿಮ್ಮಂಥೋರ ಕಣ್ಣಿಗೂ ಬೀಳ್ಲಿಲ್ವೇ? ಇರಲಿ, ನಾನೇ ಸಿಗಿಸಿಬಿಟ್ಟೆ."

ನೀಟಪ್ಪ ಕುರ್ಚಿಯಿಂದ ಅರ್ಧ ಎದ್ದ. "ಸಾರ್, ಆ ವೈರು..."

"ಯಾಕೆ?" ಮ್ಯಾನೇಜರ ಹುಬ್ಬು ಮೇಲೇರಿತು. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ಛೆ ಛೆ. ತುಂಬಾ ನೀಟಾಗಿದೆ ಸಾರ್."

ಅಷ್ಟರಲ್ಲಿ ಮೇಡಂ ನಿಟ್ಟುಸಿರು ಬಿಟ್ಟು ಉಲ್ಲನ್ ಕೈಗೆತ್ತಿಕೊಂಡರು. "ಮತ್ತೆ ನಿಂತ್ಹೋಯ್ತಲ್ರೀ!" ಎಂದು ನಕ್ಷೆಯವನು ಕೂಗಿದ. ಮ್ಯಾನೇಜರು ಒಂದಿಷ್ಟೂ ಧೃತಿಗೆಡಲಿಲ್ಲ.

"ಗಾಬರಿ ಬೇಡ. ಯಾವುದೋ ಒಂದು ಹಂತ ತಪ್ಪಿರಬೇಕು, ಅಷ್ಟೇ. ಮೊದಲಿಂದ ಮಾಡಿ. ಈ ಸಲ ನಾವೆಲ್ಲ ಕೂತು ನೋಡ್ತೀವಿ, ಮುಂದಕ್ಕೆ ಎಲ್ಲರಿಗೂ ಬರುತ್ತೆ. ಯಾರಲ್ಲಿ, ಕುರ್ಚಿ ತನ್ನಿ."

ಕುರ್ಚಿಗಳು ಮೇಜಿನ ಮುಂದೆ ಸಾಲಾಗಿ ಬಂದವು. ಮ್ಯಾನೇಜರು ಮುಂದಿನ ಸಾಲಿನಲ್ಲಿ ಕೂತು, ಆ ನೀಲಿ ವೈರಿನ ಮೇಲೆಯೇ ಟಾರ್ಚು ಬಿಟ್ಟರು. ಒಂದು ಸಲ ಎಳೆದರೆ ಸಾಕಿತ್ತು. ಎಳೆಯಲು ಕೈ ಬರಲಿಲ್ಲ. ನೀಟಪ್ಪ ಮೇಜಿನಡಿ ಮಂಡಿಯೂರಿ ಗಂಟಲು ಸರಿಮಾಡಿಕೊಂಡ.

"ಮೊದಲನೇ ಹಂತ..."

ಅದನ್ನೇ ಎಳೆದೆಳೆದು ಹೇಳುವಷ್ಟರಲ್ಲಿ ಗಂಟೆ ನಾಲ್ಕು ದಾಟಿ ಬಹಳ ಹೊತ್ತಾಗಿತ್ತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿಯ ಫೋನಿನಿಂದ ಮಗಳ ಸಂದೇಶ: "ಅಪ್ಪಾ, ನನ್ನ ಕಡಿದ್ರು. ಎಷ್ಟು ಚೆನ್ನಾಗಿ ಬಿದ್ದೆ ಗೊತ್ತಾ? ಎಲ್ಲರೂ ಚಪ್ಪಾಳೆ ಹೊಡೆದ್ರು."

"ನಿಲ್ಲಿಸ್ಬೇಡಿ," ಎಂದರು ಮ್ಯಾನೇಜರು. "ಎರಡನೇ ಹಂತ ಹೇಳಿ."